ಗಾಂಧಿ ಕ್ಲಾಸಿನಿಂದ ಕಾಣುವ ಬೀದಿ

ಆಫೀಸಿನಲ್ಲಿ ಹೊಸಬರು ಪರಿಚಯ ಆದಾಗ ಯಾವೂರು ಅಂತ ಕೇಳ್ತಾರೆ. ಕೊಟ್ಟೂರು ಹತ್ರ ಒಂದು ಹಳ್ಳಿ ಅಂತೀನಿ. ಅರ್ಧ ಜನಕ್ಕೆ ಗೊತ್ತಾಗಲ್ಲ. ಗೊತ್ತಿರುವವರು ಕೇಳುವುದು ಒಂದೇ ಪ್ರಶ್ನೆ: "ತೇರು ಬಿದ್ದಿತ್ತಲ್ಲ, ಆ ಊರಾ?"

ಹೌದು, ಅದೇ ಊರು. 2017ರ ಫೆಬ್ರವರಿ 21ರಂದು ಗುರು ಕೊಟ್ಟೂರೇಶ್ವರನ ತೇರಿನ ಅಚ್ಚು ಮುರಿದು, ಅಷ್ಟೆತ್ತರದ ತೇರು ಜನಜಾತ್ರೆಯ ನಡುವೆಯೇ ವಾಲಿ ಬಿತ್ತು. ನಾನದನ್ನು ನೋಡಿದ್ದು ಬೆಂಗಳೂರಿನಲ್ಲಿ, ಮೊಬೈಲಿನಲ್ಲಿ. ಚಿಕ್ಕಂದಿನಿಂದ ಅದೆಷ್ಟೋ ಸಲ ಆ ತೇರು ಎಳೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಈಗ ಕಣ್ಣು ಮುಚ್ಚಿ ತೇರು ನೆನೆಸಿಕೊಂಡರೆ ಮೊದಲು ಬರುವುದು ಆ ಕೆಲವು ಸೆಕೆಂಡಿನ ವಿಡಿಯೋನೇ. ನನ್ನ ನೆನಪಿನ ಮೇಲೆ ಬೇರೆ ಯಾರದೋ ಮೊಬೈಲಿನ ನೆನಪು ಬಂದು ಕೂತಿದೆ.

ಆಮೇಲೆ ಡ್ರೋನ್ ಬಂತು. ಈಗ ಪ್ರತಿ ವರ್ಷ ಜಾತ್ರೆ ಮುಗಿದ ರಾತ್ರಿಯೇ ನಮ್ಮ ಗ್ರೂಪುಗಳಲ್ಲಿ ರೀಲ್ಸ್ ಸುರಿಯುತ್ತವೆ. ಮೇಲಿಂದ ತೇರುಬೀದಿ, ನಡುವೆ ತೇರು, ಸುತ್ತ ಎಳ್ಳು ಚೆಲ್ಲಿದ ಹಾಗೆ ಜನ. ಹಿನ್ನೆಲೆಗೆ ಯಾವುದೋ ಸಿನಿಮಾದ ಮ್ಯೂಸಿಕ್ಕು. ಚೆನ್ನಾಗಿರುತ್ತೆ, ಸುಳ್ಳು ಯಾಕೆ ಹೇಳಲಿ, ನಾನೂ ಸ್ಟೇಟಸ್ ಹಾಕ್ಕೊಂಡಿದ್ದೇನೆ. ಆದರೆ ಅಷ್ಟು ಮೇಲಿಂದ ನೋಡಿದರೆ ಯಾರ ಮುಖವೂ ಕಾಣಲ್ಲ, ಎಲ್ಲರೂ ಒಂದೇ ಎತ್ತರ. ತೇರಿನ ಹಗ್ಗಕ್ಕೆ ಕೈ ಹಾಕಿದವರು ಯಾರು, ದೂರದಲ್ಲಿ ನಿಂತು ಬಾಳೆಹಣ್ಣು ಎಸೆದವರು ಯಾರು, ಡ್ರೋನಿಗೆ ಗೊತ್ತಾಗಲ್ಲ. ಅದಕ್ಕೇ ಅದು ಅಷ್ಟು ಚೆಂದ.

ಈ ಲೇಖನ ಡ್ರೋನ್ ಬಗ್ಗೆ ಅಲ್ಲ. ಊರು ಬಿಟ್ಟು ಬಂದ ನನ್ನಂಥವರು ನಮ್ಮ ಬೀದಿಗಳ ಬಗ್ಗೆ ಬರೆಯುವ ರೀತಿಯ ಬಗ್ಗೆ.

ಬೆಂಗಳೂರಿನಲ್ಲಿ ಇಂಥ ಬರಹಕ್ಕೆ ಒಂದು ರೆಸಿಪಿ ಸಿದ್ಧವಾಗಿದೆ. ಒಂದು ಹಳೇ ಬಡಾವಣೆ, ಒಂದು ವಠಾರ, ಮುಂದೆ ಪಾರಿಜಾತದ ಗಿಡ, ಬೆಳಿಗ್ಗೆ ಎಂ.ಎಸ್. ಸುಪ್ರಭಾತ, ಭಾನುವಾರ ಬೆಣ್ಣೆ ದೋಸೆ. ಕೊನೇ ಪ್ಯಾರಾದಲ್ಲಿ ಮನೆ ಒಡೆದು ಅಪಾರ್ಟ್‌ಮೆಂಟ್ ಬರುತ್ತೆ, ಓದುಗರ ಗಂಟಲು ಕಟ್ಟುತ್ತೆ. ಇದರಲ್ಲಿ ತಪ್ಪಿಲ್ಲ. ನಿಸಾರ್ ಅಹಮದ್ ಅವರ ಮೊದಲ ಕವನ ಸಂಕಲನ, 1960ರ 'ಮನಸು ಗಾಂಧಿ ಬಜಾರು', ಹೆಸರಿನಲ್ಲೇ ಒಂದು ಪೇಟೆಬೀದಿಯನ್ನು ಮನಸ್ಸಿಗೆ ಸಮ ಮಾಡಿ ನಿಲ್ಲಿಸಿತ್ತು. ಮನಸ್ಸು ಅಂದಮೇಲೆ ಅದರಲ್ಲಿ ಗಲಾಟೆ, ಕೊಳಕು, ಆಸೆ ಎಲ್ಲ ಇರಬೇಕಲ್ಲ? ಆಮೇಲೆ ಬಂದ ನಾವು ಮನಸ್ಸನ್ನು ಬಿಟ್ಟು ಮೆನು ಕಾರ್ಡ್ ಇಟ್ಟುಕೊಂಡೆವು.

ನಮ್ಮ ಕಡೆಯ ಹುಡುಗರು ಬರೆಯಲು ಶುರುಮಾಡಿದಾಗ ರೆಸಿಪಿ ಬದಲಾಗಲಿಲ್ಲ, ಸಾಮಾನು ಬದಲಾಯಿತು ಅಷ್ಟೆ. ಬೆಣ್ಣೆ ದೋಸೆ ಬದಲು ಮಿರ್ಚಿ-ಮಂಡಕ್ಕಿ. ಪಾರಿಜಾತದ ಬದಲು ಹಡಗಲಿ ಮಲ್ಲಿಗೆ. ಸುಪ್ರಭಾತದ ಬದಲು ಹಿರೇಮಠ, ತೊಟ್ಟಿಲುಮಠ, ಗಚ್ಚಿನಮಠ, ಮೂರ್ಕಲ್‌ಮಠದ ಗಂಟೆ. ಕೂಡ್ಲಿಗಿಗೆ ತಾಲೂಕು ಆಫೀಸಿನ ಕೆಲಸಕ್ಕೆ ಅಪ್ಪನ ಜೊತೆ ಹೋಗಿದ್ದು, ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನಹಾಲು ಕುಡಿದಿದ್ದು. ಹರಪನಹಳ್ಳಿಯ ಮೇಲೆ ಒಂದು ಜೋಕು: ಬಾಗಿಲಲ್ಲಿ ಕೂತ ಅಜ್ಜಿ ಕೂತಲ್ಲಿಂದ ಏಳದೇ ಮೂರು ಜಿಲ್ಲೆ ಕಂಡಳು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ವಾಪಸ್ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ.

ಇದನ್ನೆಲ್ಲ ನಾನು ಗೇಲಿ ಮಾಡ್ತಿಲ್ಲ. ಯಾಕಂದ್ರೆ ಇದನ್ನೆಲ್ಲ ಬರೆದವನು ನಾನೇ.

ಕೆಲವು ವರ್ಷದ ಹಿಂದೆ 'ಹೈಸ್ಕೂಲಿನ ದಾರಿ' ಅಂತ ಒಂದು ಬರೆದಿದ್ದೆ. ನಮ್ಮೂರ ಬಸ್ ಸ್ಟಾಪಿನಿಂದ ಕೊಟ್ಟೂರಿನ ತೇರುಬೀದಿ ತನಕ. ಸ್ಟಾಪಿನ ಪಕ್ಕ ಒಂದು ತಗಡಿನ ಹೋಟ್ಲು. ಬಸ್ಸು ತಡವಾದರೆ ಅಲ್ಲಿ ಚಾ. ನನ್ನ ಜೊತೆ ಒಬ್ಬ ಗೆಳೆಯ, ಅದೇ ಬಸ್ಸು, ಅದೇ ಕ್ಲಾಸು. ಅವನ ಬಗ್ಗೆ ಒಂದು ಸಾಲು ಬರೆದಿದ್ದೆ: ಅವನಿಗೆ ಒಳಗೆ ಕೂರುವುದು ಸೇರುತ್ತಿರಲಿಲ್ಲ, ಯಾವಾಗಲೂ ಹೊರಗೆ ಬೇವಿನ ಮರದ ಕೆಳಗೆ ನಿಂತು ಬೀದಿ ನೋಡುತ್ತಾ ಚಾ ಕುಡಿಯುತ್ತಿದ್ದ, ಹುಟ್ಟಾ ಕವಿ. ಆ ಸಾಲಿಗೆ ತುಂಬಾ ಜನ ಮೆಚ್ಚುಗೆ ಹೇಳಿದ್ದರು.

ಅವನು ಈಗ ಮೇಷ್ಟ್ರು. ಓದಿ ಫೋನ್ ಮಾಡಿದ.

"ಚೆಂದ ಬರ್ದೀಯಪಾ. ಆದ್ರ ನಾ ಯಾಕ ಹೊರಗ ನಿಲ್ತಿದ್ನಿ ಅಂತ ನಿಂಗ ಖರೇನ ಗೊತ್ತಿರ್ಲಿಲ್ಲೇನಲೇ?"

ನಾನು ಸುಮ್ಮನಾದೆ.

"ಗ್ವಾಡಿ ಮ್ಯಾಲ ಒಂದು ಗ್ಲಾಸು ಬ್ಯಾರೆ ಇರ್ತಿತ್ತು. ನಾವು ತಗಂಡು, ಕುಡ್ದು, ತೊಳ್ದು ಅಲ್ಲೇ ಇಡ್ಬೇಕಿತ್ತು. ಕವಿ ಅಂತ, ಕವಿ."

ಅವನು ನಗುತ್ತಲೇ ಹೇಳಿದ. ನಗು ಇಲ್ಲದೇ ಹೇಳಿದ್ದರೆ ನನಗೆ ಸುಲಭ ಆಗ್ತಿತ್ತು.

ಆ ಗ್ಲಾಸು ನನಗೆ ಗೊತ್ತಿರಲಿಲ್ಲ ಅಂತ ಹೇಳಲಾರೆ. ಅವನು ಹೇಳಿದ ತಕ್ಷಣ ಅದು ಕಣ್ಣ ಮುಂದೆ ಬಂತು. ಗೋಡೆಯ ಯಾವ ಕಡೆ, ಎಷ್ಟು ಎತ್ತರದಲ್ಲಿ, ಎಲ್ಲಾ. ಅಂದರೆ ನೆನಪು ಅಳಿಸಿ ಹೋಗಿರಲಿಲ್ಲ, ಇತ್ತು. ನಾನು ಅದರ ಮೇಲೆ ಒಂದು ಬೇವಿನ ಮರ ನೆಟ್ಟಿದ್ದೆ. ನಮ್ಮ ಮನೆಗೆ ಜಗಲಿ ಇತ್ತು, ಬೀದಿ ನನಗೆ ಯಾವತ್ತೂ ಜಗಲಿಯ ಎತ್ತರದಿಂದಲೇ ಕಂಡಿದ್ದು. ಅಲ್ಲಿ ಕೂತವನಿಗೆ ಬೀದಿ ಒಂದು ಸಿನಿಮಾ. ಬೀದಿಯಲ್ಲಿ ನಿಂತವನಿಗೆ ಅದು ಲೆಕ್ಕಾಚಾರ: ಎಲ್ಲಿ ನಿಲ್ಲಬೇಕು, ಎಲ್ಲಿ ಚಪ್ಪಲಿ ಬಿಡಬೇಕು, ಯಾರು ಬಂದರೆ ಪಕ್ಕಕ್ಕೆ ಸರಿಯಬೇಕು.

ಆಮೇಲೆ ನಾನು ಕುಂ. ವೀರಭದ್ರಪ್ಪನವರ 'ಗಾಂಧಿ ಕ್ಲಾಸು' ಮತ್ತೆ ತೆಗೆದು ಓದಿದೆ. ಕುಂವೀ ಕೊಟ್ಟೂರಿನವರೇ, 1953ರಲ್ಲಿ ಹುಟ್ಟಿದವರು. ಮೇಷ್ಟ್ರಾಗಿ ಆಂಧ್ರದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಇದ್ದು ಬಂದವರು. 'ಅರಮನೆ' ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಲ್ಟಿಪ್ಲೆಕ್ಸ್‌ನಲ್ಲೇ ಬೆಳೆದವರಿಗೆ ಒಂದು ಮಾತು: ಗಾಂಧಿ ಕ್ಲಾಸು ಅಂದರೆ ನಮ್ಮ ಕಡೆ ಟಾಕೀಸಿನಲ್ಲಿ ಪರದೆಗೆ ತೀರಾ ಹತ್ತಿರದ, ಅತಿ ಕಡಿಮೆ ದುಡ್ಡಿನ ಜಾಗ. ಕುತ್ತಿಗೆ ಮೇಲೆತ್ತಿಕೊಂಡೇ ಸಿನಿಮಾ ನೋಡಬೇಕು. ಹೀರೋ ದೊಡ್ಡದಾಗಿ ಕಾಣುತ್ತಾನೆ, ಆದರೆ ಪರದೆಯ ತೂತು, ತೇಪೆ ಕೂಡ ಕಾಣುತ್ತೆ. ಆತ್ಮಕಥೆಗೆ ಈ ಹೆಸರು ಇಟ್ಟಾಗಲೇ ಕುಂವೀ ತಾನು ಎಲ್ಲಿ ಕೂತು ಬರೆಯುತ್ತಿದ್ದೇನೆ ಅಂತ ಹೇಳಿಬಿಟ್ಟಿದ್ದಾರೆ. ನಾವು ಬೀದಿ ಬಗ್ಗೆ ಬರೆಯುವಾಗ ಹೇಳದೇ ಬಿಡುವುದು ಇದನ್ನೇ.

ಕುಂವೀ ವಾಕ್ಯಗಳನ್ನು ನೋಡಿ. ಉದ್ದ, ಗಿಜಿಗಿಜಿ, ಅಡ್ಡಹೆಸರುಗಳು, ತೆಲುಗು ಬೆರೆತ ಮಾತು, ಸಂತೆಯಲ್ಲಿ ನೂಕಿಸಿಕೊಂಡು ಹೋದ ಹಾಗೆ. ಮೊದಲ ಸಲ ಓದುವಾಗ ಸುಸ್ತಾಗುತ್ತೆ, ನನಗೂ ಆಗಿತ್ತು. ಈಗ ಅನಿಸುತ್ತೆ, ಆ ಗಿಜಿಗಿಜಿಯಲ್ಲಿ ಒಂದು ನ್ಯಾಯ ಇದೆ. ನೀಟಾಗಿ ಜೋಡಿಸಿದ ಪ್ಯಾರಾದಲ್ಲಿ ಯಾರನ್ನೋ ಹೊರಗೆ ನಿಲ್ಲಿಸಿಯೇ ಜಾಗ ಮಾಡಿರುತ್ತೇವೆ.

ಹಾಗಂತ ಕುಂವೀ ಮೇಲೆ ನನಗೆ ತಕರಾರಿಲ್ಲ ಅಂತಲ್ಲ. ಎರಡಿವೆ. ಒಂದು, ಅವರ ಬೀದಿಯಲ್ಲಿ ಎಲ್ಲರೂ ವಿಪರೀತದವರು. ಮಹಾ ಮುಂಗೋಪಿ, ಮಹಾ ಲಫಂಗ, ಮಹಾ ಪತಿವ್ರತೆ. ಸುಮ್ಮನೆ ಚಾ ಕುಡಿದು, ಗ್ಲಾಸು ತೊಳೆದಿಟ್ಟು, ಬಸ್ಸು ಹತ್ತಿ ಹೋಗುವ ಹುಡುಗ ಆ ಗಲಾಟೆಯಲ್ಲಿ ಕಳೆದುಹೋಗುವ ಸಂಭವ ಇದೆ. ಎರಡು, ಇದರಲ್ಲಿ ಓದುಗರದ್ದೂ ಪಾಲಿದೆ: ನಾವು ನಗರದವರು ಆ ಭಾಷೆಯ ರಗಡುತನವನ್ನು ವೀಕೆಂಡ್ ಖಾರದ ಊಟದ ಹಾಗೆ ಸವಿಯುತ್ತೇವೆ. 'ಏನ್ ಗುರೂ ಬೈಗುಳ' ಅಂತ ಚಪ್ಪರಿಸಿ, ಬೈದವನು ಯಾಕೆ ಬೈದ ಅನ್ನುವುದನ್ನು ಬಿಟ್ಟುಬಿಡುತ್ತೇವೆ. ಅವರ ಕತೆ ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ ಮಾಡಿದ 'ಕೊಟ್ರೇಶಿ ಕನಸು' ಈ ದೃಷ್ಟಿಯಿಂದ ನನಗೆ ಮುಖ್ಯ. ಅದರಲ್ಲಿ ಗಲಾಟೆ ಕಡಿಮೆ. ದಲಿತ ಹುಡುಗನೊಬ್ಬನಿಗೆ ಓದು ಮುಂದುವರಿಸುವ ಆಸೆ, ಊರಿಗೆ ಅದು ಸಹಿಸಲಾಗದ ವಿಷಯ. ವಿಜಯ ರಾಘವೇಂದ್ರ ಆಗ ಬಾಲನಟ, ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಹೈಸ್ಕೂಲಿಗೆ ಹೋಗೋದು ನನಗೆ ಒಂದು ಬಸ್ಸು ಹತ್ತುವ ಕೆಲಸ ಆಗಿತ್ತು. ಪಕ್ಕದಲ್ಲೇ ನಿಂತು ಅದೇ ಬಸ್ಸು ಹತ್ತಿದವನಿಗೆ ಅದೊಂದು ಪೂರ್ತಿ ಸಿನಿಮಾ ಆಗಿತ್ತು.

ಇದು ನಮ್ಮ ಕಡೆಯ ಕತೆ, ಬೆಂಗಳೂರಿನಲ್ಲಿ ಹಾಗಿಲ್ಲ ಅನ್ನುವವರು ಹಸಿರು ಮೆಟ್ರೋದಲ್ಲಿ ಒಂದು ಸ್ಟೇಷನ್ ಮುಂದಕ್ಕೆ ಹೋಗಿ. ಮಲ್ಲೇಶ್ವರದ ನೆನಪುಗಳು ಎಷ್ಟು ಬಂದಿವೆ ಲೆಕ್ಕ ಇಲ್ಲ. ಸಂಪಿಗೆ ರಸ್ತೆ ಆದಮೇಲಿನ ಸ್ಟೇಷನ್ನೇ ಶ್ರೀರಾಮಪುರ. ಅಲ್ಲಿ ಬೆಳೆದ ಸಿದ್ದಲಿಂಗಯ್ಯನವರ 'ಊರುಕೇರಿ' ಓದಿದರೆ ಅದೇ ಬೆಂಗಳೂರಿನ ಇನ್ನೊಂದು ಬೀದಿ ತೆರೆದುಕೊಳ್ಳುತ್ತೆ. ಹಸಿವು, ಅವಮಾನ ಎಲ್ಲ ಇದೆ. ಆದರೆ ಪುಟಪುಟಕ್ಕೂ ನಗು. ಓದುಗ ಅಯ್ಯೋ ಪಾಪ ಅಂತ ಹೇಳಿ ಕೈತೊಳೆದುಕೊಳ್ಳಲು ಅವರು ಬಿಡಲ್ಲ. ನನ್ನ ಗೆಳೆಯನ ಫೋನಿನ ನಗು ಯಾವ ಜಾತಿಯದು ಅಂತ ನನಗೆ ಅರ್ಥ ಆಗಿದ್ದು ಆ ಪುಸ್ತಕದಿಂದ.

ನಮ್ಮ ಸೀಮೆಯಿಂದಲೇ ಇನ್ನೊಂದು ಪುಸ್ತಕ: ಮಂಜಮ್ಮ ಜೋಗತಿಯ ಆತ್ಮಕಥನ 'ನಡುವೆ ಸುಳಿವ ಹೆಣ್ಣು'. ಅವರು ಹೇಳಿದ್ದನ್ನು ಬರಹಕ್ಕೆ ಇಳಿಸಿದವರು ಅರುಣ್ ಜೋಳದಕೂಡ್ಲಿಗಿ. ಜಗಲಿ ಮೇಲಿನ ನಮಗೆ ಜೋಗತಿಯರು ಅಂದರೆ ಕೊಡ ಹೊತ್ತು ಬಂದು, ಕುಣಿದು, ಮೊರದಲ್ಲಿ ಜೋಳ ಹಾಕಿಸಿಕೊಂಡು ಹೋಗುವವರು. ನಮ್ಮ ಬರಹದಲ್ಲಿ ಅವರಿಗೆ ಒಂದು ವಾಕ್ಯ ಸಿಕ್ಕರೆ ಹೆಚ್ಚು. ಈ ಪುಸ್ತಕದಲ್ಲಿ ಕ್ಯಾಮೆರಾ ತಿರುಗಿದೆ. ಬೀದಿಯಿಂದ ನಮ್ಮ ಜಗಲಿಗಳು ಹೇಗೆ ಕಾಣುತ್ತವೆ ಅಂತ ಗೊತ್ತಾಗುತ್ತೆ. ಸಾಯಬೇಕು ಅಂತ ಹೊರಟ ದಿನ ದಾವಣಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಕಂಡ ಕುಣಿತ ಅವರನ್ನು ಉಳಿಸಿತು. ಮುಂದೆ ಕಾಳವ್ವ ಜೋಗತಿಯ ಮೇಳ ಸೇರಿದರು, ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅದೇ ಬಸ್‌ಸ್ಟ್ಯಾಂಡಿನಲ್ಲಿ ನಾನು ನೂರು ಸಲ ಇಳಿದಿದ್ದೇನೆ. ನನ್ನ ನೆನಪಿನಲ್ಲಿ ಇರುವುದು ಮಂಡಕ್ಕಿ ಮಾತ್ರ.

ಮಂಜಮ್ಮ ಇರುವ ಮರಿಯಮ್ಮನಹಳ್ಳಿಯದು ಇನ್ನೊಂದು ಕತೆ. ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ ನಾರಾಯಣದೇವರಕೆರೆ ಮುಳುಗಿತು, ಜನ ಅಲ್ಲಿಂದೆದ್ದು ಮರಿಯಮ್ಮನಹಳ್ಳಿಗೆ ಬಂದರು. ಬೀದಿ ನೀರಿನಡಿ ಹೋದಮೇಲೂ ನೆನಪು ಉಳಿಯುತ್ತೆ, ಯಾಕಂದ್ರೆ ಅದು ಕಲ್ಲುಗಳಲ್ಲಿ ಇರಲ್ಲ, ಜನರ ಬಾಯಲ್ಲಿ ಇರುತ್ತೆ. ಹಾಗಿದ್ದಮೇಲೆ ಯಾರ ಬಾಯಿ ಅಂತ ಕೇಳಲೇಬೇಕು.

ಬೀದಿಯ ಬಗ್ಗೆ ಏನೇ ಓದಿದರೂ ನಾನು ಈಗ ಕೇಳಿಕೊಳ್ಳುವುದು ಅದನ್ನೇ. ಇದರಲ್ಲಿ ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ನಿಂತವರು ಯಾಕೆ ನಿಂತಿದ್ದಾರೆ? ಕೊನೇ ಪ್ರಶ್ನೆಗೆ ಉತ್ತರ ಇಲ್ಲದ ಬರಹ ಎಷ್ಟೇ ಚೆಂದ ಇದ್ದರೂ ಅದು ಡ್ರೋನ್ ಶಾಟು. ನಮ್ಮ ತೇರು ಹೊರಡುವ ಮುಂಚೆ ದಲಿತ ಹೆಣ್ಣುಮಕ್ಕಳು ಆರತಿ ಬೆಳಗುವ ಸಂಪ್ರದಾಯ ಇದೆ. ನನ್ನ ಲೇಖನದಲ್ಲಿ ಅದನ್ನು ಸಾಮರಸ್ಯಕ್ಕೆ ಸಾಕ್ಷಿ ಅಂತ ಬರೆದಿದ್ದೆ. ಗೆಳೆಯ ಅದಕ್ಕೂ ಒಂದು ಮಾತು ಹೇಳಿದ: "ಅದು ಖರೇನ ದೊಡ್ಡದು. ಆದ್ರ ಮರುದಿನದ್ದೂ ಬರಿಬೇಕಿತ್ತು."

ಹೋದ ಸಲ ಊರಿಗೆ ಹೋದಾಗ ಇಬ್ಬರೂ ಆ ಸ್ಟಾಪಿನಲ್ಲಿ ಸಿಕ್ಕೆವು. ತಗಡಿನ ಹೋಟ್ಲು ಈಗ ಆರ್‌ಸಿಸಿ ಆಗಿದೆ. ಮಗ ನಡೆಸ್ತಾನೆ, ಗಲ್ಲಾ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ್ದಾನೆ. ಗೋಡೆ ಮೇಲೆ ಗ್ಲಾಸಿಲ್ಲ. ಒಳಗೂ ಗ್ಲಾಸಿಲ್ಲ, ಎಲ್ಲರಿಗೂ ಪೇಪರ್ ಕಪ್ಪು. ಕುಡಿ, ಬಿಸಾಕು. ಸಮಸ್ಯೆ ಬಗೆಹರಿದಿತ್ತು, ಯಾರೂ ಯಾರಿಗೂ ತಪ್ಪಾಯ್ತು ಅನ್ನುವ ಪ್ರಸಂಗ ಬಾರದೆ.

ಚಾ ತಗೊಂಡು ನಾನು ಬೆಂಚಿನ ಕಡೆ ನಡೆದೆ. ಅವನು ತನ್ನ ಕಪ್ಪು ಹಿಡಿದುಕೊಂಡು ಹೊರಗೆ ಹೋಗಿ ನಿಂತ.

"ಒಳಗ ಬಾರಲೇ" ಅಂದೆ.

"ಇರ್ಲಿ ಬಿಡು. ರೂಢಿ ಆಗೇತಿ."

ನಾನೂ ಹೊರಗೆ ಹೋಗಿ ಅವನ ಪಕ್ಕ ನಿಂತೆ. ಬಸ್ಸು ಬರುವ ತನಕ ಇಬ್ಬರೂ ಮಾತಾಡಲಿಲ್ಲ. ಅಲ್ಲಿ ಬೇವಿನ ಮರ ಇರಲಿಲ್ಲ. ಕಡಿದರಾ ಅಂತ ಕೇಳಿದೆ. ಅಲ್ಲಿ ಯಾವತ್ತೂ ಮರ ಇರಲಿಲ್ಲ, ಬಿಸಿಲೇ ಇದ್ದಿದ್ದು ಅಂದ.