ಸ್ಥಾಪನೆಯ ಸೋಲು ಯಾರದು?

ಸರಳ ಲೋಲಕದ ಪ್ರಯೋಗ ನಿಮಗೆಲ್ಲ ಗೊತ್ತಿರುವಂಥದೇ. ಲೋಲಕದ ಉದ್ದವನ್ನು ಬದಲಿಸುತ್ತ ಆಂದೋಲನದ ಅವಧಿಯನ್ನು ಅಳೆಯುತ್ತೇವೆ. ಅವಧಿಯ ವರ್ಗಕ್ಕೂ ಉದ್ದಕ್ಕೂ ನಕ್ಷೆ ಎಳೆದರೆ ಸರಳರೇಖೆ ಬರುತ್ತದೆ. ಉದ್ದವನ್ನು ಮೀಟರಿನಲ್ಲೂ ಅವಧಿಯನ್ನು ಸೆಕೆಂಡಿನಲ್ಲೂ ಬರೆದರೆ ಅದರ ಇಳಿಜಾರು ಸುಮಾರು 4.03. ಅದರಿಂದ ಗುರುತ್ವ ವೇಗೋತ್ಕರ್ಷ ಸಿಗುತ್ತದೆ.

ಹೊಸನಗರದ ಕಡೆಯಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು ಈ ನಕ್ಷೆಯನ್ನು ಪೈಥಾನ್ ಭಾಷೆಯಲ್ಲಿ ಬರೆಯಲು ಕುಳಿತಳು. ಗಣಕದಲ್ಲಿ ಇದ್ದುದು ಉಬುಂಟು ಲಿನಕ್ಸ್. ನಕ್ಷೆ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ತಂತ್ರಾಂಶವನ್ನು ಕೈಪಿಡಿಯಲ್ಲಿ ಹೇಳಿದಂತೆಯೇ ಸ್ಥಾಪಿಸಿಕೊಂಡಿದ್ದಳು. ಬರೆದ ಹನ್ನೆರಡು ಸಾಲುಗಳಲ್ಲಿ ಒಂದೂ ತಪ್ಪಿರಲಿಲ್ಲ. ಓಡಿಸಿದರೆ ನಕ್ಷೆ ಮಾತ್ರ ಕಾಣಲಿಲ್ಲ. ಕಪ್ಪು ಪರದೆಯ ಮೇಲೆ, ಚಿತ್ರವನ್ನು ತೋರಿಸಲಾಗದು ಎಂಬರ್ಥದ ಒಂದು ಸಾಲಿನ ಎಚ್ಚರಿಕೆ ಬಂತು. ಪ್ರಾಯೋಗಿಕ ತರಗತಿಯ ಅವಧಿ ಪೂರ್ತಿ ಅಲ್ಲಿಗೇ ಮುಗಿಯಿತು. ಹೊರಡುವಾಗ ಆಕೆ ಹೇಳಿದ್ದು, "ನಂಗೆ ಇದೆಲ್ಲ ತಲೆಗೆ ಹೋಗಲ್ಲ ಸರ್."

ಈ ಮಾತೇ ನನ್ನಿಂದ ಈ ಲೇಖನ ಬರೆಸುತ್ತಿದೆ. ತಲೆಗೆ ಹೋಗದಂಥದ್ದು ಅಲ್ಲಿ ಏನೂ ಇರಲಿಲ್ಲ. ಸೋತದ್ದು ಅವಳ ಕೈಯಲ್ಲಿದ್ದ ಬರಹ. ಪಠ್ಯಪುಸ್ತಕಗಳನ್ನು ನಾವು ವಿಮರ್ಶಿಸುತ್ತೇವೆ, ಪ್ರಶ್ನೆಪತ್ರಿಕೆಗಳನ್ನೂ ವಿಮರ್ಶಿಸುತ್ತೇವೆ. ಗಣಕ ನೀಡುವ ದೋಷ ಸಂದೇಶಗಳನ್ನೂ ಸ್ಥಾಪನೆಯ ಕೈಪಿಡಿಗಳನ್ನೂ ಯಾರೂ ಹಾಗೆ ತೂಗಿ ನೋಡುವುದಿಲ್ಲ. ಇಂದು ಆ ಕೆಲಸ ಮಾಡೋಣ.

ಕಾಣದ ಕಾಲುಸಂಕ

ಮೊದಲು ರೋಗವೇನೆಂದು ತಿಳಿಯೋಣ. ಪರದೆಯ ಮೇಲೆ ಕಿಟಕಿ, ಗುಂಡಿ, ಚಿತ್ರ ಮೂಡಿಸಲು ಪ್ರೋಗ್ರಾಮಿಗೆ ಒಂದು ಉಪಕರಣ ಪೆಟ್ಟಿಗೆ ಬೇಕು. ಇದೇ ಟೂಲ್‌ಕಿಟ್. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಔಸ್ಟರ್‌ಹೌಟ್ ತಮ್ಮ ಟಿಸಿಎಲ್ ಭಾಷೆಯ ಜೊತೆಗೆ 1990ರ ಸುಮಾರಿಗೆ ಇಂಥದ್ದೊಂದನ್ನು ರೂಪಿಸಿದರು. ಅದರ ಹೆಸರೇ ಟಿಕೆ, ಅಂದರೆ ಟೂಲ್‌ಕಿಟ್. 1991ರಲ್ಲಿ ಮೊದಲು ಬಿಡುಗಡೆಯಾದ ಪೈಥಾನ್ ಇದನ್ನು ಟಿಕಿಂಟರ್ ಎಂಬ ಸೇತುವೆಯ ಮೂಲಕ ಬಳಸುತ್ತದೆ. ನಮ್ಮ ಮಲೆನಾಡಿನಲ್ಲಿ ಹಳ್ಳ ದಾಟಲು ಹಾಕುವ ಕಾಲುಸಂಕದಂತೆ ಇದು. ಇರುವಷ್ಟು ದಿನ ಯಾರೂ ಅದನ್ನು ಗಮನಿಸುವುದಿಲ್ಲ. ಮಳೆಗೆ ಕೊಚ್ಚಿಹೋದ ದಿನ ಎಲ್ಲರಿಗೂ ಅದರ ನೆನಪು.

ಟಿಕಿಂಟರ್ ಪೈಥಾನಿನ ಮೂಲ ಗ್ರಂಥಾಲಯದ ಭಾಗ ಎಂದು ಪುಸ್ತಕಗಳು ಹೇಳುತ್ತವೆ. ಅದು ನಿಜ. ಆದರೆ ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟುವಿನಲ್ಲಿ ಇದನ್ನು ಬೇರೆ ಪೊಟ್ಟಣವಾಗಿ ಇಟ್ಟಿದ್ದಾರೆ. ಪರದೆಯೇ ಇಲ್ಲದ ಸರ್ವರ್ ಗಣಕಗಳಿಗೆ ಕಿಟಕಿ ಬಿಡಿಸುವ ಸಾಮಗ್ರಿ ಏಕೆ ಎಂಬುದು ಅವರ ತರ್ಕ. ತರ್ಕ ಸರಿಯಾದದ್ದೇ. ಆದರೆ ಅದನ್ನು ವಿದ್ಯಾರ್ಥಿಗೆ ಹೇಳಬೇಕಾದವರು ಯಾರೂ ಹೇಳಲಿಲ್ಲ. ಮದ್ದು ಒಂದೇ ಸಾಲಿನದು: 'ಸುಡೊ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ಟಿಕೆ'. (ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು. ಇಲ್ಲಿ ಉಚ್ಚಾರಣೆಯನ್ನಷ್ಟೇ ಬರೆದಿದ್ದೇನೆ.)

ಸಂದೇಶಗಳ ಗುಣದೋಷ

ಆ ಒಂದು ಸಾಲನ್ನು ತಲುಪುವ ಮೊದಲು ವಿದ್ಯಾರ್ಥಿನಿ ಸುತ್ತಿದ ದಾರಿಯನ್ನು ನೋಡಿ. ಎಚ್ಚರಿಕೆಯಿಂದ ಏನೂ ತಿಳಿಯದೆ ಆಕೆ ಟಿಕಿಂಟರನ್ನು ನೇರವಾಗಿ ಕರೆದು ನೋಡಿದಳು. 'ಟಿಕಿಂಟರ್ ಎಂಬ ಮಾಡ್ಯೂಲ್ ಇಲ್ಲ' ಎಂದಿತು ಗಣಕ. ಇಲ್ಲದ್ದನ್ನು ಪಿಪ್ ಮೂಲಕ ತರಿಸಬೇಕು ಎಂದು ಕೈಪಿಡಿ ಕಲಿಸಿತ್ತು. ತರಿಸಲು ಹೋದರೆ, 'ಈ ಪರಿಸರವನ್ನು ಹೊರಗಿನಿಂದ ನಿರ್ವಹಿಸಲಾಗುತ್ತಿದೆ' ಎಂಬ ಉದ್ದನೆಯ ಸಂದೇಶ. ಅದರ ಕೊನೆಯಲ್ಲಿದ್ದ 'ಬ್ರೇಕ್ ಸಿಸ್ಟಂ ಪ್ಯಾಕೇಜಸ್' ಎಂಬ ಆಯ್ಕೆಯನ್ನು ಸೇರಿಸಿ ಮತ್ತೆ ಓಡಿಸಿದಳು. ಆಗ, 'ಹೊಂದುವ ಆವೃತ್ತಿ ಸಿಗಲಿಲ್ಲ' ಎಂಬ ಉತ್ತರ. ಪಿಪ್ ಹುಡುಕುವ ಭಂಡಾರದಲ್ಲಿ ಟಿಕಿಂಟರ್ ಇಲ್ಲವೇ ಇಲ್ಲ. ಎಂದ ಮೇಲೆ ಎಷ್ಟು ಸಲ ಓಡಿಸಿದರೂ ಸಿಗುವುದು ಹೇಗೆ?

ಈ ಸಂದೇಶಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ನಿಜ ಹೇಳುವುದು ಬೇರೆ, ದಾರಿ ತೋರಿಸುವುದು ಬೇರೆ. ಡೆಬಿಯನ್ ಬಳಗದ ಹಳೆಯ ಆವೃತ್ತಿಗಳಲ್ಲಿ ಇದೇ ಕೊರತೆಗೆ ಬರುತ್ತಿದ್ದ ಸಂದೇಶದಲ್ಲಿ 'ದಯವಿಟ್ಟು ಇಂಥ ಪ್ಯಾಕೇಜನ್ನು ಸ್ಥಾಪಿಸಿ' ಎಂಬ ಮಾತೂ ಸೇರಿರುತ್ತಿತ್ತು. ಮುಂದೆ ಪೊಟ್ಟಣಗಳನ್ನು ಬೇರೆ ರೀತಿ ವಿಂಗಡಿಸಿದಾಗ ಆ ಮಾತು ಕಾಣೆಯಾಯಿತು. ತಂತ್ರಾಂಶ ಮುಂದೆ ಹೋಯಿತು, ಸಂದೇಶ ಹಿಂದೆ ಬಂತು.

ಒಳ್ಳೆಯ ಸಂದೇಶಗಳೂ ಇಲ್ಲದಿಲ್ಲ. ಪಿಪ್ ಇಲ್ಲದ ಉಬುಂಟುವಿನಲ್ಲಿ ಪಿಪ್ ಎಂದು ಬರೆದರೆ, ಅದು ಇಲ್ಲವೆಂದು ಹೇಳಿ, ಪಡೆಯುವ ಆದೇಶವನ್ನೂ ಕೊಡುತ್ತದೆ. ಸ್ಥಾಪನೆಯ ನಡುವೆ ಕರೆಂಟ್ ಹೋದರೆ ಮುಂದಿನ ಬಾರಿ 'ಕೆಲಸ ಅರ್ಧಕ್ಕೆ ನಿಂತಿದೆ, ಈ ಆದೇಶ ಕೊಟ್ಟು ಸರಿಪಡಿಸಿ' ಎಂದು ಆಪ್ಟ್ ತಿಳಿಸುತ್ತದೆ. ಆಗುಂಬೆ, ಹುಲಿಕಲ್‌ಗಳ ಮಳೆ ಸುರಿಯುವ ನಮ್ಮ ಸೀಮೆಗೆ ಇದಕ್ಕಿಂತ ಉಪಯುಕ್ತ ಸಂದೇಶ ಬೇರೊಂದಿಲ್ಲ. ಲಿಂಗನಮಕ್ಕಿಯ ನೀರಿನಿಂದ ರಾಜ್ಯಕ್ಕೆ ವಿದ್ಯುತ್ತು ಕೊಡುವ ಸಾಗರ ತಾಲ್ಲೂಕಿನಲ್ಲೂ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕತ್ತಲೆಯೇ.

'ಹೊರಗಿನಿಂದ ನಿರ್ವಹಣೆ' ಎಂಬ ಸಂದೇಶ ಇವೆರಡರ ನಡುವಿನದು. ಇದು 2023ರಲ್ಲಿ ಬಂದ ಉಬುಂಟು 23.04 ಮತ್ತು ಡೆಬಿಯನ್ 12ರಿಂದ ಕಾಣಿಸಿಕೊಂಡಿತು. ಉಬುಂಟುವಿನ ಹಲವು ಭಾಗಗಳು ಪೈಥಾನಿನಲ್ಲೇ ಬರೆಯಲ್ಪಟ್ಟಿವೆ. ಆಪ್ಟ್ ಒಂದು ಕಡೆಯಿಂದ, ಪಿಪ್ ಇನ್ನೊಂದು ಕಡೆಯಿಂದ ಒಂದೇ ಗೂಡಿಗೆ ಕೈಹಾಕಿದರೆ ವ್ಯವಸ್ಥೆಯೇ ಕುಸಿಯಬಹುದು. ಅದಕ್ಕಾಗಿ ಈ ಬೇಲಿ. ಸಂದೇಶದಲ್ಲಿ ಕ್ರಮವಾಗಿ ಈ ದಾರಿಗಳಿವೆ: ಆಪ್ಟ್ ಬಳಸಿ, ಇಲ್ಲವೇ ನಿಮ್ಮದೇ ಪ್ರತ್ಯೇಕ ಪರಿಸರ, ಅಂದರೆ ವೆನ್ವ್, ರಚಿಸಿಕೊಳ್ಳಿ, ಅಪಾಯ ಒಪ್ಪುವುದಾದರೆ ಬೇಲಿ ಮುರಿಯಿರಿ. ವಿಷಯ ಚೆನ್ನಾಗಿದೆ, ಜೋಡಣೆ ಚೆನ್ನಾಗಿಲ್ಲ. ಇಂಗ್ಲಿಷಿನ ಹತ್ತಾರು ಸಾಲುಗಳನ್ನು ತಡವರಿಸಿ ಓದುವವರ ಕಣ್ಣು ಕೊನೆಗೆ ನಿಲ್ಲುವುದು ಬೇಲಿ ಮುರಿಯುವ ಆದೇಶದ ಆಸುಪಾಸಿನಲ್ಲೇ.

ಕೈಪಿಡಿಗಳ ಗುಣದೋಷ

ಸಂದೇಶಕ್ಕಿಂತ ದೊಡ್ಡ ತಪ್ಪಿತಸ್ಥ ಕೈಪಿಡಿ. ನಾವು ಶಿಕ್ಷಕರು ತಯಾರಿಸಿ ಹಂಚುವ ಟಿಪ್ಪಣಿಗಳನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇನೆ. ಇವುಗಳಲ್ಲಿ ನಾಲ್ಕು ದೋಷಗಳು ಪದೇ ಪದೇ ಕಾಣುತ್ತವೆ.

ಒಂದು, ಯಾವ ಆವೃತ್ತಿಗೆ ಬರೆದದ್ದು ಎಂದು ಹೇಳುವುದಿಲ್ಲ. ಉಬುಂಟುವಿನ ಮಧ್ಯಂತರ ಆವೃತ್ತಿಗಳಿಗೆ ಬೆಂಬಲ ಒಂಬತ್ತು ತಿಂಗಳು ಮಾತ್ರ. ಆಮೇಲೆ ಅವುಗಳ ಭಂಡಾರ ಬೇರೆ ವಿಳಾಸಕ್ಕೆ ಹೋಗುತ್ತದೆ. ಆಗ ಅದೇ ಆದೇಶಕ್ಕೆ '404, ಸಿಗಲಿಲ್ಲ' ಎಂಬ ಉತ್ತರ.

ಎರಡು, ಅಂತರ್ಜಾಲ ಯಾವಾಗಲೂ ಇದ್ದೇ ಇರುತ್ತದೆ ಎಂಬ ನಂಬಿಕೆ. ಸಂಪರ್ಕಕ್ಕಾಗಿ ಗುಡ್ಡ ಹತ್ತುವ ಊರುಗಳು ನಮ್ಮ ಮೂರೂ ತಾಲ್ಲೂಕುಗಳಲ್ಲಿವೆ. ಅಂಥವರಿಗೆ ಬೇಕಾದ ಉಪಾಯ ಆಪ್ಟ್‌ನಲ್ಲೇ ಇದೆ. 'ಡೌನ್‌ಲೋಡ್ ಓನ್ಲಿ' ಎಂಬ ಆಯ್ಕೆ ಕೊಟ್ಟರೆ ಬೇಕಾದ ಪೊಟ್ಟಣಗಳೂ ಆ ಗಣಕದಲ್ಲಿ ಇಲ್ಲದ ಅವುಗಳ ಅವಲಂಬನೆಗಳೂ ಸ್ಥಾಪನೆಯಾಗದೆ ಕಡತಗಳಾಗಿ ಉಳಿಯುತ್ತವೆ. ಅದೇ ಆವೃತ್ತಿಯ, ಅದೇ ಬಗೆಯ ಸಂಸ್ಕಾರಕವಿರುವ ಇನ್ನೊಂದು ಗಣಕಕ್ಕೆ ಅವನ್ನು ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ಇದನ್ನು ಬರೆದ ಕೈಪಿಡಿಗಳು ಅಪರೂಪ.

ಮೂರು, ಆದೇಶ ಕೊಟ್ಟ ಮೇಲೆ ಏನು ಕಾಣಬೇಕು ಎಂದು ತಿಳಿಸುವುದಿಲ್ಲ. ಲವಣ ವಿಶ್ಲೇಷಣೆಯಲ್ಲಿ ಬಿಳಿಯ ಒತ್ತರ ಬರಬೇಕೋ ಹಳದಿಯ ಒತ್ತರ ಬರಬೇಕೋ ಹೇಳದೆ ಪ್ರಯೋಗ ಮಾಡಿಸಿದಂತೆ ಇದು.

ನಾಲ್ಕು, ಇದೇ ಅತ್ಯಂತ ಗಂಭೀರವಾದದ್ದು: ರೋಗ ಪತ್ತೆಗೆ ಮೊದಲೇ ಮದ್ದು. ಅದೂ ಉಗ್ರವಾದ ಮದ್ದು. ಬೀಗವಿದ್ದರೆ ಬೀಗದ ಕಡತ ಅಳಿಸಿ, ಅನುಮತಿ ಇಲ್ಲದಿದ್ದರೆ ಎಲ್ಲರಿಗೂ ಅನುಮತಿ ಕೊಡಿ, ತಪಾಸಣೆ ತಡೆದರೆ ತಪಾಸಣೆಯನ್ನೇ ನಿಲ್ಲಿಸಿ.

ಈ ಕೊನೆಯದಕ್ಕೆ ಒಂದು ಉದಾಹರಣೆ. ರಜೆಯ ನಂತರ ನಮ್ಮ ಪ್ರಯೋಗಾಲಯದ ಹಳೆಯ ಗಣಕವೊಂದರಲ್ಲಿ ಆಪ್ಟ್ ಹಠ ಹಿಡಿಯಿತು. 'ಬಿಡುಗಡೆ ಕಡತ ಇನ್ನೂ ಸಿಂಧುವಾಗಿಲ್ಲ' ಎಂಬುದು ಅದರ ತಕರಾರು. ದಿನಾಂಕದ ತಪಾಸಣೆಯನ್ನು ನಿಷ್ಕ್ರಿಯಗೊಳಿಸುವ ಆದೇಶವನ್ನು ವಿದ್ಯಾರ್ಥಿಗಳು ಎಲ್ಲಿಂದಲೋ ತಂದರು. ಸ್ವಲ್ಪ ತಡೆಯಿರಿ ಎಂದೆ. ಸಂದೇಶವನ್ನು ಮತ್ತೊಮ್ಮೆ ಓದಿದೆವು. 'ಇನ್ನೂ' ಎಂದರೇನು? ಕಡತದ ದಿನಾಂಕ ಗಣಕದ ಪಾಲಿಗೆ ಭವಿಷ್ಯದ್ದು. ಹಾಗಾದರೆ ಗಣಕದ ಗಡಿಯಾರ ಹಿಂದಿರಬೇಕು. ನೋಡಿದರೆ ಅದು ತಿಂಗಳುಗಟ್ಟಲೆ ಹಿಂದಿತ್ತು. ಹೊರಗಿನಿಂದ ಸಮಯ ತಿದ್ದುವ ಸೇವೆ ನಮ್ಮ ಜಾಲದಲ್ಲಿ ತಲುಪುತ್ತಿರಲಿಲ್ಲ. ಗಣಕಕ್ಕೆ ವಿದ್ಯುತ್ತು ಇಲ್ಲದಾಗ ಗಡಿಯಾರ ನಡೆಸುವುದು ಒಳಗಿನ ಸಿಆರ್2032 ಗುಂಡಿಕೋಶ. ಅದರ ನಾಮಾಂಕಿತ ವಿಭವ 3 ವೋಲ್ಟ್. ನಮ್ಮ ಮಲ್ಟಿಮೀಟರ್ ತೋರಿಸಿದ್ದು 2 ವೋಲ್ಟಿಗಿಂತ ಕಡಿಮೆ. ಕೋಶ ಬದಲಿಸಿ ದಿನಾಂಕ ತಿದ್ದಿದೆವು. ಆಪ್ಟ್ ಮರುಮಾತಾಡದೆ ಕೆಲಸ ಮಾಡಿತು.

ಗಮನಿಸಿ, ತಪಾಸಣೆ ನಿಲ್ಲಿಸಿದ್ದರೂ ಅಂದಿನ ಕೆಲಸ ಆಗುತ್ತಿತ್ತು. ಆದರೆ ಸತ್ತ ಕೋಶ ಒಳಗೇ ಉಳಿಯುತ್ತಿತ್ತು. ಅಂದು ವಿದ್ಯಾರ್ಥಿಗಳು ಕಲಿತದ್ದು ಭೌತಶಾಸ್ತ್ರವನ್ನೇ: ಲಕ್ಷಣ, ಊಹೆ, ಅಳತೆ, ನಿರ್ಣಯ.

ಎರಡು ಮಾದರಿಗಳು

ಟೀಕಿಸಿದ ಮೇಲೆ ಒಳ್ಳೆಯದನ್ನೂ ತೋರಿಸಬೇಕಲ್ಲ. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಕನ್ನಡದಲ್ಲೂ ಲಭ್ಯ. ಪಾಠವೊಂದು ಸುಮಾರು ಹತ್ತು ನಿಮಿಷದ್ದು. ತಾನು ಯಾವ ಉಬುಂಟು ಆವೃತ್ತಿ ಬಳಸುತ್ತಿದ್ದೇನೆಂದು ಧ್ವನಿ ಮೊದಲೇ ಹೇಳುತ್ತದೆ. ಪಾಠದ ಪಠ್ಯವನ್ನು ವಿಷಯ ತಿಳಿಯದ ಹೊಸಬರೊಬ್ಬರಿಂದ ಪರೀಕ್ಷಿಸಿಯೇ ಮುಂದುವರಿಯುವುದು ಅವರ ಕ್ರಮ. ನಮ್ಮ ಕೈಪಿಡಿಗಳಲ್ಲಿ ಇಲ್ಲದ್ದು ಇದೇ. ಮಿತಿಯೂ ಇದೆ. ಹಲವು ಪಾಠಗಳು ಹಳೆಯ ಆವೃತ್ತಿಗಳವು. ಪರದೆಯ ಮೇಲಿನ ಬರಹ ಇಂಗ್ಲಿಷಿನದೇ. ಎಲ್ಲವೂ ಸರಿಯಾಗಿ ನಡೆಯುವುದನ್ನು ತೋರಿಸುವಷ್ಟು ವಿವರವಾಗಿ ತಪ್ಪಿದಾಗಿನ ದಾರಿಯನ್ನು ತೋರಿಸುವುದಿಲ್ಲ.

ಇನ್ನೊಂದು ಮಾದರಿ ನೆರೆಯ ಕೇರಳದ್ದು. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಸಂಸ್ಥೆಯಾಯಿತು. ಶಾಲೆಗೆ ಬೇಕಾದ ತಂತ್ರಾಂಶಗಳನ್ನೆಲ್ಲ ಮೊದಲೇ ಸೇರಿಸಿದ ಲಿನಕ್ಸನ್ನು ಅದು ಶಾಲೆಗಳಿಗೆ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಇದರ ವ್ಯಾಪ್ತಿಯಲ್ಲಿವೆ. ಎಲ್ಲವೂ ಸಿದ್ಧವಾಗಿ ಬಂದರೆ ಅಂತರ್ಜಾಲದ ಹಂಗಿಲ್ಲ, ತರಗತಿಯ ಹೊತ್ತು ಹಾಳಾಗುವುದಿಲ್ಲ. ಶಾಲೆಯ ಮಟ್ಟಕ್ಕೆ ಇದಕ್ಕಿಂತ ಉತ್ತಮ ದಾರಿ ನನಗೆ ಕಾಣದು. ಆದರೆ ಪದವಿ ವಿದ್ಯಾರ್ಥಿ ಸಿದ್ಧ ಪೆಟ್ಟಿಗೆಯ ಹೊರಗೂ ಕಾಲಿಡಲೇಬೇಕು. ಅಡಿಕೆ ಸುಲಿಯುವುದನ್ನು ಕಲಿಯದೆ ಸುಲಿದ ಅಡಿಕೆಯನ್ನೇ ನಂಬಿ ತೋಟ ಮಾಡಲಾದೀತೆ?

ನಮ್ಮ ಪಾಲು

ಒಂದು ತಪ್ಪೊಪ್ಪಿಗೆ. ಹಳೆಯ ಪೈಥಾನನ್ನು ತೆಗೆದು ಹೊಸದನ್ನು ಹಾಕುವ ಉತ್ಸಾಹದಲ್ಲಿ ನಾನೇ ಒಮ್ಮೆ ಗಣಕದ ಮೂಲ ಪೈಥಾನನ್ನು ಅಳಿಸಿದ್ದೆ. ಅದರೊಡನೆ ಹೋಗಲಿರುವ ಪೊಟ್ಟಣಗಳ ಪಟ್ಟಿ ಪರದೆ ತುಂಬ ಬಂದಿತ್ತು. ಓದದೆ 'ವೈ' ಒತ್ತಿದೆ. ಮರುದಿನ ಗಣಕ ಎದ್ದಾಗ ಡೆಸ್ಕ್‌ಟಾಪೇ ಇರಲಿಲ್ಲ. ಸಂದೇಶ ತನ್ನ ಕೆಲಸ ಮಾಡಿತ್ತು, ಓದುಗ ಮಾಡಿರಲಿಲ್ಲ.

ಆದ್ದರಿಂದ ಶಿಕ್ಷಕ ಮಿತ್ರರಲ್ಲಿ ನನ್ನ ಸೂಚನೆಗಳು ಕೆಲವೇ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಒಂದು ಪುಟವನ್ನು ಸ್ಥಾಪನೆಗೆ ಮೀಸಲಿಡಿ. ಆವೃತ್ತಿ, ಕೊಟ್ಟ ಆದೇಶ, ಬಂದ ಸಂದೇಶ ಯಥಾವತ್ತಾಗಿ, ಅದರ ಅರ್ಥ ಕನ್ನಡದಲ್ಲಿ, ಊಹೆ, ಪರಿಣಾಮ, ಇಷ್ಟನ್ನು ಬರೆಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಲಿ. ಲೋಲಕದ ಉದ್ದವನ್ನೂ ಗುಂಡಿನ ರಾಶಿಯನ್ನೂ ಒಟ್ಟಿಗೆ ಬದಲಿಸಲು ಬಿಡದ ನಾವು, ಗಣಕದಲ್ಲಿ ಒಮ್ಮೆಗೇ ಐದು ಆದೇಶ ಸುರಿಯಲು ಬಿಡುವುದೇಕೆ? ಆ ಪುಟಕ್ಕೂ ಅಂಕ ಕೊಡಿ, ಸ್ಥಾಪನೆ ಸೋತಿದ್ದರೂ ಕೊಡಿ. ಕೈಪಿಡಿ ಬರೆದರೆ, ಹಂಚುವ ಮೊದಲು ಹೊಸಬರೊಬ್ಬರ ಕೈಗೆ ಕೊಟ್ಟು ನೀವು ಸುಮ್ಮನೆ ಪಕ್ಕದಲ್ಲಿ ಕುಳಿತು ನೋಡಿ. ಅವರು ಎಲ್ಲಿ ತಡೆದರೋ ಅಲ್ಲಿ ನಿಮ್ಮ ವಾಕ್ಯ ತಪ್ಪಿದೆ.

ವಿದ್ಯಾರ್ಥಿಗಳಿಗೆ ಒಂದೇ ಮಾತು. ಸಂದೇಶದ ಕೊನೆಯ ಸಾಲನ್ನು ನಕಲು ಮಾಡುವ ಮೊದಲು ಎಲ್ಲ ಸಾಲುಗಳನ್ನೂ ಓದಿ.

ಮುಂದಿನ ವಾರ ಆ ವಿದ್ಯಾರ್ಥಿನಿ ಮತ್ತೆ ಬಂದಳು. ಮೂರೂ ಸಂದೇಶಗಳನ್ನು ಪುಸ್ತಕದಲ್ಲಿ ಬರೆಸಿದೆ. ಮೂರನೆಯದನ್ನು ಬರೆಯುತ್ತ ಆಕೆಯೇ ಕೇಳಿದಳು, "ಪಿಪ್ ಹತ್ರ ಇಲ್ಲ ಅಂದ್ರೆ ಆಪ್ಟ್ ಹತ್ರ ಇರಬಹುದಾ ಸರ್?" ಇತ್ತು. ನಕ್ಷೆ ಪರದೆಯ ಮೇಲೆ ಮೂಡಿತು. ಇಳಿಜಾರು 4.1 ಬಂತು. ಅದು 4.03 ಏಕಲ್ಲ ಎಂದು ಹುಡುಕುವುದರಲ್ಲಿ ಅಂದಿನ ತರಗತಿ ಕಳೆಯಿತು. ತರಗತಿಯ ಹೊತ್ತು ಹೋಗಬೇಕಾದದ್ದು ಹೀಗೆಯೇ.