ತಿಥಿದರ್ಪಣಗಳಲ್ಲಿ ಮಾಸನಾಮದ ತೊಡಕು

ಬಸದಿಗಳ ಆಡಳಿತ ಮಂಡಳಿಗಳು ವರ್ಷಂಪ್ರತಿ ಮುದ್ರಿಸಿ ಹಂಚುವ ತಿಥಿದರ್ಪಣಗಳು ಶ್ರಾವಕರ ವ್ರತಾಚರಣೆಗೆ ಕೈದೀವಿಗೆಗಳಾಗಿವೆ. ಅಷ್ಟಮಿ, ಚತುರ್ದಶಿಗಳನ್ನು ನೆನಪಿಸುವ ಅವುಗಳ ಉಪಕಾರ ದೊಡ್ಡದು. ಆದರೆ ಕೆಲವು ದರ್ಪಣಗಳು ಯಾವ ಮಾಸಗಣನೆಯನ್ನು ಅನುಸರಿಸಿವೆ ಎಂಬುದನ್ನೇ ಹೇಳುವುದಿಲ್ಲ. ಇದು ಸಣ್ಣ ಲೋಪವಲ್ಲ.

ಕನ್ನಡ ನಾಡಿನಲ್ಲಿ ಮಾಸವು ಅಮಾವಾಸ್ಯೆಗೆ ಮುಗಿಯುತ್ತದೆ; ಉತ್ತರ ಭಾರತದಲ್ಲಿ ಹುಣ್ಣಿಮೆಗೆ. ಶುಕ್ಲಪಕ್ಷದಲ್ಲಿ ಎರಡಕ್ಕೂ ಭೇದವಿಲ್ಲ. ಆದುದರಿಂದ ಚೈತ್ರ ಶುಕ್ಲ ತ್ರಯೋದಶಿಯ ಮಹಾವೀರ ಜಯಂತಿ, ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿ, ಭಾದ್ರಪದ ಶುಕ್ಲ ಪಂಚಮಿಗೆ ತೊಡಗುವ ದಶಲಕ್ಷಣ ಪರ್ವ, ಇವುಗಳಲ್ಲಿ ಗೊಂದಲವಿಲ್ಲ. ಕೃಷ್ಣಪಕ್ಷದಲ್ಲಿ ಮಾತ್ರ ಉತ್ತರದ ಮಾಸನಾಮ ಒಂದು ತಿಂಗಳು ಮುಂದಿರುತ್ತದೆ. ಭಗವಾನ್ ಮಹಾವೀರರ ನಿರ್ವಾಣ ತಿಥಿ ಅಲ್ಲಿ ಕಾರ್ತಿಕ ಕೃಷ್ಣ ಅಮಾವಾಸ್ಯೆ. ಇಲ್ಲಿ ಅದೇ ಆಶ್ವಯುಜ ಬಹುಳ ಅಮಾವಾಸ್ಯೆ. ಕ್ರಿ.ಪೂ. 527ರಿಂದ ಎಣಿಸುವ ವೀರನಿರ್ವಾಣ ಸಂವತ್ಸರದ ಈ ಸಂಧಿಯನ್ನು ದೀಪಾವಳಿ ಕಾಪಾಡಿದೆ.

ಋಷಭ ಜಯಂತಿಗೆ ಅಂಥ ಆಸರೆಯಿಲ್ಲ. ಹಿಂದಿ ಪಟ್ಟಿಯ ಚೈತ್ರ ಕೃಷ್ಣ ನವಮಿಯು ಇಲ್ಲಿನ ಫಾಲ್ಗುಣ ಬಹುಳ ನವಮಿ. ಅದು ಯುಗಾದಿಗೆ ಮೊದಲೇ ಬರುತ್ತದೆ. ಪಟ್ಟಿಯ ಹೆಸರನ್ನು ಹಾಗೆಯೇ ಇಳಿಸಿಕೊಂಡರೆ ಪರ್ವವು ಒಂದು ತಿಂಗಳು ತಡವಾಗಿ ಬೀಳುತ್ತದೆ. ಒಂದೇ ಊರಿನ ಎರಡು ಮನೆಗಳು ಎರಡು ದಿನ ಉಪವಾಸ ಮಾಡುವಂತಾಗುತ್ತದೆ.

ಮೊತ್ತ ಸರಿಯಿದ್ದರೂ ಖಾತೆ ತಪ್ಪಿದರೆ ಲೆಕ್ಕ ತಪ್ಪೇ. ಉಪವಾಸದ ಫಲ ಭಾವಶುದ್ಧಿಗೆ ಸೇರಿದ್ದು, ನಿಜ. ಆದರೆ ನಂಬಿದವರಿಗೆ ದಿನವನ್ನು ಸರಿಯಾಗಿ ತಿಳಿಸುವುದು ಪ್ರಕಾಶಕರ ಸತ್ಯವ್ರತಕ್ಕೆ ಸೇರಿದ್ದು. ದಾನಿಗಳ ಭಾವಚಿತ್ರಗಳಿಗೆ ಇಡೀ ಪುಟ ದೊರೆಯುವಲ್ಲಿ, ಕೃಷ್ಣಪಕ್ಷದ ಪರ್ವಗಳಿಗೆ ಎರಡೂ ಮಾಸನಾಮಗಳನ್ನು ಕೊಡುವಷ್ಟು ಎಡೆ ದೊರೆಯದೆ ಇರಲಾರದು.