ಅಲೆದಾಟದ ಬಿಡುವು, ಕಥೆಯ ಅವಸರ: ಮುಕ್ತಲೋಕದ ವಿಡಿಯೋ ಆಟಗಳಲ್ಲಿ ಕಥನ

ಮಹಾಕಾವ್ಯದ ಅಷ್ಟಾದಶ ವರ್ಣನೆಗಳು ಕಥೆಯ ಓಟವನ್ನು ತಡೆಯುತ್ತವೆ ಎಂಬ ಆಕ್ಷೇಪ ಕನ್ನಡ ವಿಮರ್ಶೆಗೆ ಪರಿಚಿತವಾದುದೇ. ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಕವಿಯೇ ನಿರ್ಧರಿಸುತ್ತಾನೆ. ಮುಕ್ತಲೋಕದ ವಿಡಿಯೋ ಆಟದಲ್ಲಾದರೋ ಆ ಅಧಿಕಾರ ಆಟಗಾರನ ಕೈಗೆ ಬಂದಿದೆ. ಕಥೆಯನ್ನು ನಡುದಾರಿಯಲ್ಲಿ ಬಿಟ್ಟು ಅವನು ಬೆಟ್ಟ ಹತ್ತಬಹುದು, ಊರೂರು ತಿರುಗಬಹುದು. ಹೀಗಾದಾಗ ಕಥೆಯ ಗತಿಯೇನು ಎಂಬುದು ಈ ಪ್ರಕಾರದ ಮೂಲಭೂತ ಸಮಸ್ಯೆ.

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2015ರಲ್ಲಿ ಹೊರತಂದ ‘ದಿ ವಿಚರ್ 3: ವೈಲ್ಡ್ ಹಂಟ್’ ಇದಕ್ಕೆ ಒಳ್ಳೆಯ ನಿದರ್ಶನ. ಆಂಜೆಯ್ ಸಪ್ಕೊವ್‌ಸ್ಕಿಯ ಕಾದಂಬರಿಗಳ ಪಾತ್ರಗಳನ್ನು ಆಧರಿಸಿದ ಈ ಆಟದಲ್ಲಿ ನಾಯಕ ಗೆರಾಲ್ಟ್, ಸಾಕುಮಗಳಂತಿರುವ ಸಿರಿಯನ್ನು ಹುಡುಕುತ್ತಾನೆ. ಬೇರೊಂದು ಲೋಕದ ಸವಾರರ ಪಡೆ ಅವಳ ಬೆನ್ನಟ್ಟಿದೆ. ಅವಸರವೇ ಕಥೆಯ ಸ್ಥಾಯಿ. ಆದರೆ ಗೆರಾಲ್ಟ್ ಹೆಂಡದಂಗಡಿಯಲ್ಲಿ ಕುಳಿತು ಗ್ವೆಂಟ್ ಎಂಬ ಕಾರ್ಡಿನಾಟದಲ್ಲಿ ದಿನಗಳನ್ನು ಕಳೆದರೂ ಬೆನ್ನಟ್ಟಿದವರು ಒಂದು ಹೆಜ್ಜೆಯನ್ನೂ ಮುಂದಿಡುವುದಿಲ್ಲ.

ಇದೇ ಆಟದ ವೇಲೆನ್ ಭಾಗ ಮಾತ್ರ ಈ ದೋಷವನ್ನು ಬಹುಮಟ್ಟಿಗೆ ಮೀರಿದೆ. ಸಿರಿಯ ಸುದ್ದಿ ಬಲ್ಲ ಬ್ಯಾರನ್, ಕಾಣೆಯಾದ ತನ್ನ ಹೆಂಡತಿ ಮಗಳನ್ನು ಹುಡುಕಿಕೊಡದೆ ಎಲ್ಲವನ್ನೂ ಹೇಳಲೊಲ್ಲ. ಮಗಳನ್ನು ಹುಡುಕುವವನು ಮಗಳನ್ನು ಕಳೆದುಕೊಂಡವನ ಮನೆಗೆ ಬಂದಿದ್ದಾನೆ. ಯುದ್ಧದಿಂದ ಹಾಳಾದ ಜವುಗುನೆಲದಲ್ಲಿ ಅಲೆದಷ್ಟೂ ಆ ಮನೆಯ ಕುಡಿತ ಹೊಡೆತಗಳ ಚರಿತ್ರೆ ಬಿಚ್ಚಿಕೊಳ್ಳುತ್ತದೆ. ದಿಬ್ಬವೊಂದರ ಮರದಡಿ ಸೆರೆಯಾದ ಪ್ರೇತವನ್ನು ಬಿಡಿಸಬೇಕೆ, ಕೊಲ್ಲಬೇಕೆ? ದಾರಿಬದಿಯ ಸಂಗತಿಯೆಂದು ತೋರುವ ಈ ತೀರ್ಮಾನವೇ ಬ್ಯಾರನ್ನನ ಹೆಂಡತಿಯ ಗತಿಯನ್ನು ನಿರ್ಧರಿಸುತ್ತದೆ. ಆಟಗಾರ ಎಲ್ಲಿ ಅಲೆದ, ಏನು ಮಾಡಿದ ಎಂಬುದನ್ನು ಕಥೆ ಇಲ್ಲಿ ನೆನಪಿಟ್ಟುಕೊಳ್ಳುತ್ತದೆ. ಇಡೀ ಆಟಕ್ಕೆ ಈ ಗುಣ ವ್ಯಾಪಿಸದಿರುವುದು ವಿಷಾದದ ಸಂಗತಿ.

ನಿಂಟೆಂಡೊ ಸಂಸ್ಥೆಯ ‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ (2017) ಬೇರೆ ದಾರಿ ಹಿಡಿಯಿತು. ಇಲ್ಲಿ ದುರಂತವು ನೂರು ವರ್ಷಗಳ ಹಿಂದೆಯೇ ನಡೆದುಹೋಗಿದೆ. ನಾಯಕ ಲಿಂಕ್ ಹಿಂದಿನದೆಲ್ಲವನ್ನೂ ಮರೆತು ಎಚ್ಚರಗೊಳ್ಳುತ್ತಾನೆ. ಮೊದಲ ಪ್ರಸ್ಥಭೂಮಿಯಿಂದ ಕೆಳಗಿಳಿದ ಕೂಡಲೇ ನೇರವಾಗಿ ಕೋಟೆಗೆ ಹೋಗಿ ವೈರಿ ಗ್ಯಾನನ್‌ನನ್ನು ಎದುರಿಸಲು ಅಡ್ಡಿಯಿಲ್ಲ. ಅಲೆಯಬಯಸುವವನಿಗೆ ಹಳೆಯ ನೆನಪುಗಳು ಆಯಾ ಸ್ಥಳಗಳಲ್ಲಿ ದೊರೆಯುತ್ತವೆ, ಯಾವ ಕ್ರಮದಲ್ಲಾದರೂ ಸರಿ. ಅಲೆದಾಟವೇ ಸ್ಮರಣೆಯಾಗುವ ಈ ಉಪಾಯ ಜಾಣತನದ್ದು. ಆದರೆ ಕಥೆಯ ಸತ್ತ್ವವೆಲ್ಲ ಭೂತಕಾಲಕ್ಕೆ ಸರಿದುದರಿಂದ ವರ್ತಮಾನ ಬಡವಾಗಿದೆ. ಕೋಟೆಯೊಳಗೆ ಗ್ಯಾನನ್‌ನನ್ನು ತಡೆದು ನಿಂತ ಜೆಲ್ಡಾ, ಲಿಂಕ್ ಒಂದು ದಿನ ತಡಮಾಡಲಿ, ನೂರು ದಿನ ತಡಮಾಡಲಿ, ಹಾಗೆಯೇ ಕಾಯುತ್ತಿರುತ್ತಾಳೆ.